ಗಟ್ಟಿಮೇಳಕ್ಕೊಂದು ಬಟನ್

ಅಂತರಪಟ ಸರಿದಿದೆ, ಜೀರಿಗೆ-ಬೆಲ್ಲ ಇಬ್ಬರ ತಲೆಯ ಮೇಲೂ ಬಿದ್ದಿದೆ, ಮಾಂಗಲ್ಯ ಎಲ್ಲರ ಕೈ ಮುಟ್ಟಿಸಿಕೊಂಡು ವರನ ಕೈಗೆ ಬಂದಿದೆ. ಪುರೋಹಿತರು ವಾಲಗದವರ ಕಡೆ ಕೈ ಎತ್ತಿ ‘ಗಟ್ಟಿಮೇಳ’ ಎನ್ನುತ್ತಾರೆ. ಮಂಟಪದ ಮೂಲೆಯಲ್ಲಿ ವಿಡಿಯೊ ಮಿಕ್ಸರ್ ಮುಂದೆ ಕೂತ ಹುಡುಗನಿಗೆ ಆ ಎರಡು ಸೆಕೆಂಡಿನಲ್ಲಿ ಮೈತುಂಬ ಕೆಲಸ. ಪರದೆಯ ಕೆಳಗಿನ ಹೆಸರಿನ ಪಟ್ಟಿ ತೆಗೆಯಬೇಕು. ದೂರದ ಕ್ಯಾಮೆರಾದಿಂದ ಹತ್ತಿರದ ಕ್ಯಾಮೆರಾಗೆ ನಯವಾಗಿ ಬರಬೇಕು. ಮಂತ್ರದ ಮೈಕ್ ಇಳಿಸಿ ವಾಲಗದ ಮೈಕ್ ಏರಿಸಬೇಕು. ಸಾಧ್ಯವಾದರೆ ಮೂಲೆಯಲ್ಲೊಂದು ಚಿಕ್ಕ ಚೌಕ ತೆರೆದು ಹೆಣ್ಣು ಹೆತ್ತವರ ಮುಖವನ್ನೂ ತೋರಿಸಬೇಕು. ಇದಿಷ್ಟೂ ಎಲ್‌ಇಡಿ ವಾಲ್ ಮೇಲೆ ನೆಂಟರ ಎದುರೇ ನಡೆಯುತ್ತದೆ. ಯೂಟ್ಯೂಬ್ ಲಿಂಕ್ ತೆರೆದು ಕೂತ ದೂರದೂರಿನವರ ಎದುರೂ ನಡೆಯುತ್ತದೆ. ತಪ್ಪಿದರೆ ಇನ್ನೊಮ್ಮೆ ತಾಳಿ ಕಟ್ಟಿ ಎನ್ನುವಂತಿಲ್ಲ.

ಈ ನಾಲ್ಕೈದು ಕೆಲಸವನ್ನು ಮೊದಲೇ ಮಾಡಿಟ್ಟು, ಹೊತ್ತು ಬಂದಾಗ ಒಂದೇ ಬಟನ್‌ನಲ್ಲಿ ನಡೆಸುವ ಸೌಲಭ್ಯವೇ ಮ್ಯಾಕ್ರೊ. ಇವತ್ತು ಮದುವೆ ಮನೆಗಳಲ್ಲಿ ಕಾಣುವ ಬಹುತೇಕ ಸಣ್ಣ ಸ್ವಿಚರ್‌ಗಳಲ್ಲೂ (ವಿಡಿಯೊ ಮಿಕ್ಸರ್‌ಗಳಲ್ಲೂ) ಇದು ಇದೆ. ಆದರೆ ಹಲವರು ಅದನ್ನು ತೆರೆದೇ ನೋಡಿರುವುದಿಲ್ಲ. ಒಮ್ಮೆ ತೆರೆದವರಲ್ಲೂ ಕೆಲವರು, ಮನೆಯಲ್ಲಿ ಸರಿಯಾಗಿ ಓಡಿದ ಮ್ಯಾಕ್ರೊ ಮಂಟಪದಲ್ಲಿ ಬೇರೆಯದೇ ಏನೋ ಮಾಡಿತೆಂದು ಬೈದು ಬಿಟ್ಟಿರುತ್ತಾರೆ. ಹಾಗೇಕೆ ಆಗುತ್ತದೆ ಎಂಬುದಕ್ಕೆ ಸ್ಪಷ್ಟ ಕಾರಣವಿದೆ. ಅದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಚಿಕ್ಕಬಳ್ಳಾಪುರ-ಗೌರಿಬಿದನೂರು ರಸ್ತೆಯ ಮೇಲಿರುವ ಮಂಚೇನಹಳ್ಳಿಯಂಥ ಊರಿನಲ್ಲಿ ನಾಲ್ಕು ಕ್ಯಾಮೆರಾಗಳ ನೇರಪ್ರಸಾರ ಎಂಬುದು ಹತ್ತು-ಹದಿನೈದು ವರ್ಷದ ಹಿಂದೆ ದುಬಾರಿ ಮಾತು. ಆಗ ಮಿಕ್ಸಿಂಗ್ ಯೂನಿಟ್ ಎಂದರೆ ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆ. 2019ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ನಾಲ್ಕು ಎಚ್‌ಡಿಎಂಐ ಇನ್‌ಪುಟ್‌ಗಳ ಏಟೆಮ್ ಮಿನಿಯನ್ನು 295 ಡಾಲರ್‌ಗೆ ಬಿಡುಗಡೆ ಮಾಡಿತು. ಮರುವರ್ಷವೇ ಕೋವಿಡ್ ಬಂತು. ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರಬಾರದೆಂಬ ನಿಯಮ ಬಂತು. ಉಳಿದ ನೆಂಟರೆಲ್ಲ ಫೋನಿನಲ್ಲೇ ಧಾರೆ ನೋಡಬೇಕಾಯಿತು. ನಿಯಮ ಹೋಯಿತು, ಲಿಂಕ್ ಕೇಳುವ ಅಭ್ಯಾಸ ಉಳಿಯಿತು. ಈಗ ಲಗ್ನಪತ್ರಿಕೆಯ ಜೊತೆಗೇ ವಾಟ್ಸ್ಆ್ಯಪ್‌ನಲ್ಲಿ ಲೈವ್ ಲಿಂಕೂ ಬರುತ್ತದೆ.

ಮ್ಯಾಕ್ರೊ ಮಾತ್ರ ಹೊಸದಲ್ಲ. ಅಮೆರಿಕದ ಗ್ರಾಸ್ ವ್ಯಾಲಿ ಕಂಪನಿಯ ದೊಡ್ಡ ಸ್ವಿಚರ್‌ಗಳಲ್ಲಿ ‘ಇ-ಮೆಮ್’ ಎಂಬ ನೆನಪಿನ ಬಟನ್‌ಗಳು ಎಷ್ಟೋ ದಶಕಗಳ ಹಿಂದೆಯೇ ಇದ್ದವು. ಸುದ್ದಿವಾಹಿನಿಗಳ ಕಂಟ್ರೋಲ್ ರೂಮಿನಲ್ಲಿ ಒಂದು ಬಟನ್ ಒತ್ತಿದರೆ ನಾಲ್ಕು ಕಿಟಕಿಗಳ ಚರ್ಚೆ ಪರದೆಗೆ ಬರುವುದು ಇಂಥ ತಂತ್ರದಿಂದಲೇ. ಆ ಸೌಲಭ್ಯ ಈಗ ಮದುವೆ ಛತ್ರದ ಪ್ಲಾಸ್ಟಿಕ್ ಟೇಬಲ್‌ವರೆಗೂ ಇಳಿದು ಬಂದಿದೆ. ಅದನ್ನು ಕಲಿಸುವ ಗುರುಗಳು ಮಾತ್ರ ಅಷ್ಟು ವೇಗವಾಗಿ ಬಂದಿಲ್ಲ.

ಏಟೆಮ್ ಮಿನಿ ಬಹಳ ಕಡೆ ಬಳಕೆಯಲ್ಲಿರುವುದರಿಂದ ಈ ಲೇಖನದ ವಿವರ ಅದನ್ನೇ ಹಿಡಿದು ಸಾಗುತ್ತದೆ. ಮಿನಿ, ಮಿನಿ ಪ್ರೊ ಪೆಟ್ಟಿಗೆಗಳ ಮೇಲೆ ಮ್ಯಾಕ್ರೊ ಬಟನ್ ಕಾಣುವುದಿಲ್ಲ. ಹೀಗಾಗಿ ಆ ಸೌಲಭ್ಯವೇ ಇಲ್ಲವೆಂದು ನಂಬಿದವರಿದ್ದಾರೆ. ಲ್ಯಾಪ್‌ಟಾಪ್‌ನಲ್ಲಿ ಏಟೆಮ್ ಸಾಫ್ಟ್‌ವೇರ್ ಕಂಟ್ರೋಲ್ ತೆರೆದರೆ ಅದರಲ್ಲಿ ‘ಮ್ಯಾಕ್ರೋಸ್’ ಎಂಬ ಕಿಟಕಿ ಸಿಗುತ್ತದೆ, 100 ಖಾನೆಗಳು ಖಾಲಿ ಕೂತಿರುತ್ತವೆ. ದೊಡ್ಡಣ್ಣನಾದ ಮಿನಿ ಎಕ್ಸ್‌ಟ್ರೀಮ್‌ನಲ್ಲಿ ಪೆಟ್ಟಿಗೆಯ ಮೇಲೆಯೇ ಮ್ಯಾಕ್ರೊ ಬಟನ್‌ಗಳಿವೆ.

ಈಗ ಮುಖ್ಯ ವಿಷಯ. ‘ರೆಕಾರ್ಡ್’ ಎಂದಕೂಡಲೇ ನಾವು ಮಾಡಿದ್ದೆಲ್ಲವನ್ನೂ, ನಾವು ತೆಗೆದುಕೊಂಡ ಸಮಯದ ಸಮೇತ, ಸ್ವಿಚರ್ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅನ್ನಿಸುತ್ತದೆ. ಹಾಗಲ್ಲ. ಅದು ಸಾಮಾನು ತರಲು ಕಳಿಸುವವನ ಕೈಗೆ ಚೀಟಿ ಬರೆದುಕೊಟ್ಟ ಹಾಗೆ: ಏನೇನು ಬದಲಾಯಿತು ಎಂಬುದಷ್ಟೇ ಅದರಲ್ಲಿರುತ್ತದೆ. ಬದಲಾಗದ್ದು ಇರುವುದಿಲ್ಲ, ಬದಲಾವಣೆಗಳ ನಡುವೆ ಎಷ್ಟು ಹೊತ್ತು ಸುಮ್ಮನಿದ್ದಿರಿ ಎಂಬುದೂ ಇರುವುದಿಲ್ಲ. ಮನೆಯಲ್ಲಿ ಚೆನ್ನಾಗಿ ಓಡಿದ ಮ್ಯಾಕ್ರೊ ಮಂಟಪದಲ್ಲಿ ಕೈಕೊಡುವುದು ಹೆಚ್ಚಾಗಿ ಈ ಎರಡರಿಂದಲೇ.

ಒಂದು ಉದಾಹರಣೆ ನೋಡಿ. ಕ್ಯಾಮೆರಾ ಬದಲಿಸುವಾಗ ಚಿತ್ರ ಒಂದರಲ್ಲೊಂದು ಕರಗಲಿ ಎಂದು ‘ಮಿಕ್ಸ್’ ಬಯಸುತ್ತೀರಿ. ರೆಕಾರ್ಡ್ ಶುರು ಮಾಡುವಾಗ ಸ್ವಿಚರ್ ಈಗಾಗಲೇ ಮಿಕ್ಸ್‌ನಲ್ಲೇ ಇದೆ. ನೀವು ಮತ್ತೆ ಮಿಕ್ಸ್ ಮೇಲೆ ಒತ್ತಿದರೂ ಏನೂ ಬದಲಾಗಲಿಲ್ಲ, ಹಾಗಾಗಿ ಏನೂ ದಾಖಲಾಗಲಿಲ್ಲ. ಮುಂದಿನ ವಾರ ಯಾರೋ ಆರತಕ್ಷತೆಯಲ್ಲಿ ‘ವೈಪ್’ ಬಳಸಿ ಹಾಗೇ ಬಿಟ್ಟಿರುತ್ತಾರೆ. ಬೆಳಿಗ್ಗೆ ನಿಮ್ಮ ಮ್ಯಾಕ್ರೊ ಒತ್ತಿದರೆ ತಾಳಿ ಕಟ್ಟುವ ಹೊತ್ತಿಗೆ ವೃತ್ತದ ಆಕಾರದಲ್ಲಿ ಚಿತ್ರ ತೆರೆದುಕೊಳ್ಳುತ್ತದೆ! ಸ್ವಿಚರ್ ತಪ್ಪು ಮಾಡಲಿಲ್ಲ. ಮಿಕ್ಸ್ ಬೇಕೆಂದು ಚೀಟಿಯಲ್ಲಿ ಬರೆದೇ ಇರಲಿಲ್ಲ.

ಮೊದಲು ಎಲ್ಲ ಕೆಡಿಸಿ

ಹಾಗಾಗಿ ಮ್ಯಾಕ್ರೊ ಬರೆಯಲು ಕೂತವರು ಮೊದಲು ಮಾಡಬೇಕಾದ್ದು ವಿಚಿತ್ರವಾಗಿ ಕಾಣಬಹುದು. ತಮಗೆ ಏನು ಬೇಕೋ ಅದಕ್ಕೆ ಪೂರ್ತಿ ಉಲ್ಟಾ ಸ್ಥಿತಿಗೆ ಸ್ವಿಚರ್ ಅನ್ನು ತರಬೇಕು. ಮಿಕ್ಸ್ ಬೇಕಿದ್ದರೆ ವೈಪ್‌ನಲ್ಲಿ ಬಿಡಿ. ಒಂದು ಸೆಕೆಂಡಿನ ಟ್ರಾನ್ಸಿಷನ್ ಬೇಕಿದ್ದರೆ ಮೂರು ಸೆಕೆಂಡಿಗೆ ಇಡಿ. ಹೆಸರಿನ ಪಟ್ಟಿ ಇಳಿಯಬೇಕಿದ್ದರೆ ಮೊದಲು ಅದನ್ನು ಪರದೆಗೆ ಏರಿಸಿ. ಎರಡನೇ ಕ್ಯಾಮೆರಾ ಬೇಕಿದ್ದರೆ ಪ್ರೋಗ್ರಾಮ್‌ನಲ್ಲೂ (ಈಗ ಪರದೆಯಲ್ಲಿರುವುದು) ಪ್ರಿವ್ಯೂನಲ್ಲೂ (ಮುಂದೆ ಬರಲಿರುವುದು) ಬೇರೆ ಕ್ಯಾಮೆರಾ ಇಡಿ. ಆಗ ನೀವು ಒತ್ತುವ ಪ್ರತಿಯೊಂದೂ ಬದಲಾವಣೆಯೇ ಆಗುತ್ತದೆ, ಪ್ರತಿಯೊಂದೂ ದಾಖಲಾಗುತ್ತದೆ.

ಗಟ್ಟಿಮೇಳದ ಮ್ಯಾಕ್ರೊವನ್ನೇ ತೆಗೆದುಕೊಳ್ಳೋಣ. 1ನೇ ಇನ್‌ಪುಟ್‌ನಲ್ಲಿ ಮಂಟಪ ಪೂರ್ತಿ ಕಾಣುವ ಕ್ಯಾಮೆರಾ, 2ರಲ್ಲಿ ವಧೂವರರ ಹತ್ತಿರದ್ದು, 3ರಲ್ಲಿ ಜನರ ನಡುವೆ ಓಡಾಡುವುದು, 4ರಲ್ಲಿ ಫೋಟೊ, ಜೂಮ್ ಕರೆ ಇರುವ ಲ್ಯಾಪ್‌ಟಾಪ್ ಎಂದುಕೊಳ್ಳಿ. ಮ್ಯಾಕ್ರೋಸ್ ಕಿಟಕಿಯಲ್ಲಿ ‘ಕ್ರಿಯೇಟ್’ ಒತ್ತಿ, ಖಾಲಿ ಖಾನೆ ಆರಿಸಿ, ಹೆಸರು ಕೊಟ್ಟು ರೆಕಾರ್ಡ್ ಒತ್ತಿದರೆ ಸಾಫ್ಟ್‌ವೇರ್ ಸುತ್ತ ಕೆಂಪು ಅಂಚು ಬರುತ್ತದೆ. ಈಗ ಆತುರ ಬೇಡ. ಯೋಚಿಸಲು ಅರ್ಧ ಗಂಟೆ ತೆಗೆದುಕೊಂಡರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೈತಪ್ಪಿ ಒತ್ತಿದ್ದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒತ್ತುವ ಕ್ರಮವನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡವರೇ ಜಾಣರು.

ಕ್ರಮ ಹೀಗಿರಲಿ. ಟ್ರಾನ್ಸಿಷನ್ ಶೈಲಿಯನ್ನು ಮಿಕ್ಸ್‌ಗೆ ತನ್ನಿ, ಅವಧಿ ಒಂದು ಸೆಕೆಂಡು ಮಾಡಿ. ‘ನೆಕ್ಸ್ಟ್ ಟ್ರಾನ್ಸಿಷನ್’ ಎಂಬಲ್ಲಿ ಬ್ಯಾಕ್‌ಗ್ರೌಂಡ್ ಮಾತ್ರ ಉರಿಯುವಂತೆ ನೋಡಿಕೊಳ್ಳಿ. ಇದನ್ನು ಮರೆಯುವವರೇ ಹೆಚ್ಚು. ಅಲ್ಲಿ ‘ಕೀ 1’ ಉರಿಯುತ್ತಿದ್ದರೆ ‘ಆಟೊ’ ಒತ್ತಿದಾಗ ಕ್ಯಾಮೆರಾ ಜೊತೆಗೆ ಮೂಲೆಯ ಚೌಕವೂ ಬರುತ್ತದೆ ಇಲ್ಲವೇ ಹೋಗುತ್ತದೆ. ಆಮೇಲೆ ಹೆಸರಿನ ಪಟ್ಟಿಯನ್ನು ಇಳಿಸಿ, ಚೌಕವನ್ನು ತೆಗೆದು, ಪ್ರಿವ್ಯೂಗೆ 2ನೇ ಕ್ಯಾಮೆರಾ ತಂದು ಆಟೊ ಒತ್ತಿ. ಕೊನೆಗೆ ರೆಕಾರ್ಡ್ ನಿಲ್ಲಿಸಿ. ‘ರನ್’ ಪುಟಕ್ಕೆ ಹೋಗಿ ನಾಲ್ಕೂ ಕ್ಯಾಮೆರಾಗಳಿಂದ, ಪಟ್ಟಿ ಇರುವಾಗ, ಇಲ್ಲದಿರುವಾಗ, ವೈಪ್‌ನಲ್ಲಿರುವಾಗ ಓಡಿಸಿ ನೋಡಿ. ಪ್ರತಿಸಲವೂ ಕೊನೆಯ ಚಿತ್ರ ಒಂದೇ ಆಗಿದ್ದರೆ ಮ್ಯಾಕ್ರೊ ಗಟ್ಟಿ.

ಮೇಲಿನ ಮ್ಯಾಕ್ರೊದಲ್ಲಿ ಆಟೊ ಕೊನೆಗಿದೆ, ಆದ್ದರಿಂದ ಬಚಾವ್. ಆಟೊ ನಂತರವೂ ಏನಾದರೂ ಮಾಡಿಸುವುದಿದ್ದರೆ ಸಮಯದ ಪ್ರಶ್ನೆ ಬರುತ್ತದೆ. ಆಟೊ ಎಂಬುದು ‘ಶುರು ಮಾಡು’ ಎಂಬ ಆಜ್ಞೆ ಮಾತ್ರ. ಅದು ಮುಗಿಯುವವರೆಗೆ ಮ್ಯಾಕ್ರೊ ಕಾಯುವುದಿಲ್ಲ, ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಕರಗುವಿಕೆ ಇನ್ನೂ ನಡೆಯುತ್ತಿರುವಾಗಲೇ ಪ್ರಿವ್ಯೂ ಬದಲಾದರೆ ಚಿತ್ರ ಕಣ್ಣಿಗೆ ರಾಚುವಂತೆ ಹಾರುತ್ತದೆ. ಆದ್ದರಿಂದ ರೆಕಾರ್ಡ್ ಮಾಡುವಾಗ ಆಟೊ ಒತ್ತಿದ ಮೇಲೆ ‘ಪಾಸ್’ (ಸ್ವಲ್ಪ ಹೊತ್ತಿನ ತಡೆ) ಸೇರಿಸಬೇಕು. ಸೆಕೆಂಡು ಮತ್ತು ಫ್ರೇಮ್‌ಗಳಲ್ಲಿ ಸಂಖ್ಯೆ ಕೇಳುತ್ತದೆ. ಟ್ರಾನ್ಸಿಷನ್ ಒಂದು ಸೆಕೆಂಡಿನದಾದರೆ ಪಾಸ್‌ಗೆ ಒಂದು ಸೆಕೆಂಡಿನ ಮೇಲೆ ಐದಾರು ಫ್ರೇಮ್ ಹೆಚ್ಚು ಕೊಟ್ಟರೆ ನೆಮ್ಮದಿ.

ಫ್ರೇಮ್ ಎಂದಾಗ ನಮ್ಮ ಕರೆಂಟಿನ ಲೆಕ್ಕವೂ ಬರುತ್ತದೆ. ಭಾರತದ ವಿದ್ಯುತ್ 50 ಹರ್ಟ್ಸ್. ಕ್ಯಾಮೆರಾಗಳನ್ನು 60ರ ಲೆಕ್ಕದಲ್ಲಿಟ್ಟರೆ ಮಂಟಪದ ಕೆಲವು ದೀಪಗಳು ಚಿತ್ರದಲ್ಲಿ ಮಿಣುಕುತ್ತವೆ. ಆದ್ದರಿಂದ ನಮ್ಮಲ್ಲಿ 1080ಪಿ25 ಅಥವಾ 1080ಪಿ50 ವಾಡಿಕೆ. ಮ್ಯಾಕ್ರೊದ ಒಳಗೆ ಪಾಸ್ ದಾಖಲಾಗುವುದು ಫ್ರೇಮ್‌ಗಳಲ್ಲಿ. 25ರಲ್ಲಿ ಬರೆದ ಒಂದು ಸೆಕೆಂಡು ಎಂದರೆ 25 ಫ್ರೇಮ್, ಅದನ್ನೇ 50ರಲ್ಲಿ ಓಡಿಸಿದರೆ ಅರ್ಧ ಸೆಕೆಂಡು. ಮಂಟಪಕ್ಕೆ ಹೋದ ಮೇಲೆ ವಿಡಿಯೊ ಸ್ಟ್ಯಾಂಡರ್ಡ್ ಬದಲಿಸುವವರು ಇದನ್ನು ನೆನಪಿಡಬೇಕು. ಬದಲಿಸಿದರೆ ಸ್ವಿಚರ್‌ನ ಚಿತ್ರಭಂಡಾರವಾದ ಮೀಡಿಯಾ ಪೂಲ್‌ನಲ್ಲಿ ತುಂಬಿಟ್ಟ ಚಿತ್ರಗಳೂ ಖಾಲಿಯಾಗುತ್ತವೆ. ಮನೆಯಲ್ಲೇ ನಿರ್ಧರಿಸಿ ಹೊರಡುವುದು ಕ್ಷೇಮ.

ಬರುವುದು, ಹೋಗುವುದು

ಸ್ವಿಚರ್‌ನ ಆಜ್ಞೆಗಳಲ್ಲಿ ಎರಡು ಜಾತಿ. ‘ಆನ್ ಏರ್’ ಎಂಬಂಥದ್ದು ದಾಖಲಾಗುವುದು ‘ಇದು ಇರಲಿ’ ಅಥವಾ ‘ಇದು ಇಲ್ಲದಿರಲಿ’ ಎಂದು. ಅದನ್ನು ಎಷ್ಟು ಸಲ ಓಡಿಸಿದರೂ ಫಲ ಒಂದೇ. ‘ಆಟೊ’ ಮತ್ತು ‘ಫೇಡ್ ಟು ಬ್ಲ್ಯಾಕ್’ ಹಾಗಲ್ಲ: ಇದ್ದರೆ ತೆಗೆಯುತ್ತವೆ, ಇಲ್ಲದಿದ್ದರೆ ತರುತ್ತವೆ. ಕೊನೆಯಲ್ಲಿ ಪರದೆ ಕಪ್ಪಾಗಲಿ ಎಂದು ಬರೆದ ಮ್ಯಾಕ್ರೊವನ್ನು ಗಾಬರಿಯಲ್ಲಿ ಎರಡು ಸಲ ಒತ್ತಿದರೆ, ಕಪ್ಪಾದ ಪರದೆ ಮತ್ತೆ ಬೆಳಗಿ ಖಾಲಿ ಕುರ್ಚಿಗಳು ಲೈವ್ ಹೋಗುತ್ತವೆ.

ಹೆಸರಿನ ಪಟ್ಟಿಗೆ ಈ ವ್ಯತ್ಯಾಸ ತುಂಬ ಮುಖ್ಯ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣ ಮಠದ ಗುರುಪೂರ್ಣಿಮೆಯ ಸಂಗೀತೋತ್ಸವವನ್ನು ನೆನೆಯಿರಿ. 72 ಗಂಟೆ ಬಿಡದೆ ಹಾಡು, ವಾದನ. ಒಂದು ತಂಡ ಎದ್ದರೆ ಇನ್ನೊಂದು ಕೂರುತ್ತದೆ. ಅಂಥ ಕಾರ್ಯಕ್ರಮದ ಲೈವ್‌ನಲ್ಲಿ ಹಾಡುವವರ, ಪಿಟೀಲಿನವರ, ಮೃದಂಗದವರ ಹೆಸರು ಎಷ್ಟು ಸಲ ಬಂದು ಹೋಗಬೇಕು! ನಡುರಾತ್ರಿ ಮೂರು ಗಂಟೆಗೆ ತೂಕಡಿಸುವ ಆಪರೇಟರ್ ಪ್ರತಿಸಲವೂ ಚಿತ್ರ ಆರಿಸಿ, ಏರಿಸಿ, ಎಣಿಸಿ, ಇಳಿಸಬೇಕು. ಒಂದು ಸಲ ಇಳಿಸಲು ಮರೆತರೆ ವೀಣೆಯವರ ಹೆಸರಿನಡಿ ಘಟಂ ಬಾರಿಸುವವರು ಕಾಣುತ್ತಾರೆ.

ಇದನ್ನು ಮ್ಯಾಕ್ರೊಗೆ ವಹಿಸಬಹುದು. ಹೆಸರುಗಳನ್ನು ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರಗಳಾಗಿ, ಪೂರ್ತಿ 1920x1080 ಅಳತೆಯಲ್ಲಿ ಮಾಡಿ ಮೀಡಿಯಾ ಪೂಲ್‌ಗೆ ಹಾಕಿ. ಮಿನಿಯಲ್ಲಿ 20 ಚಿತ್ರಗಳಿಗೆ ಜಾಗವಿದೆ. ಕನ್ನಡ ಅಕ್ಷರಗಳನ್ನು ಚಿತ್ರವಾಗಿಯೇ ಹಾಕುವುದರಿಂದ ಒತ್ತಕ್ಷರ ಒಡೆಯುವ ಭಯವಿಲ್ಲ. ಮ್ಯಾಕ್ರೊದ ಮೊದಲ ಸಾಲು, ಹೆಸರಿನ ಪಟ್ಟಿಯನ್ನು ಚಿತ್ರದ ಮೇಲೆ ಕೂರಿಸುವ ಡೌನ್‌ಸ್ಟ್ರೀಮ್ ಕೀಯ ‘ಆನ್ ಏರ್’ ಅನ್ನು ಆಫ್ ಮಾಡುವುದು. ಅದು ದಾಖಲಾಗಬೇಕಾದರೆ ರೆಕಾರ್ಡ್‌ಗೆ ಮೊದಲು ಕೀ ಉರಿಯುತ್ತಿರಬೇಕು. ಎರಡನೆಯದು ಮೀಡಿಯಾ ಪ್ಲೇಯರ್‌ಗೆ ಬೇಕಾದ ಚಿತ್ರ. ಮೂರನೆಯದು ಕೆಲವು ಫ್ರೇಮ್ ಪಾಸ್. ಆಮೇಲೆ ಕೀಯ ಆಟೊ, ಐದು ಸೆಕೆಂಡಿನ ಪಾಸ್, ಮತ್ತೆ ಆಟೊ. ಮೊದಲ ಸಾಲು ಪಟ್ಟಿಯನ್ನು ಖಚಿತವಾಗಿ ಇಳಿಸಿಬಿಟ್ಟಿರುವುದರಿಂದ ಮುಂದಿನ ಆಟೊ ಅದನ್ನು ಏರಿಸಲೇಬೇಕು, ಕೊನೆಯದು ಇಳಿಸಲೇಬೇಕು. ಹೆಸರಿಗೊಂದು ಖಾನೆಯಂತೆ ಸಂಜೆಯೇ ತುಂಬಿಟ್ಟರೆ ರಾತ್ರಿ ಹಗುರ. ಇಂಥ ಮ್ಯಾಕ್ರೊ ಓಡುತ್ತಿರುವ ಐದಾರು ಸೆಕೆಂಡು ಇನ್ನೊಂದು ಮ್ಯಾಕ್ರೊ ಒತ್ತುವ ಅಭ್ಯಾಸ ಮಾತ್ರ ಬೇಡ.

ಗಡಿಯಾರ ಕೇಳದ ಕೆಲಸ

ಮ್ಯಾಕ್ರೊ ರುಚಿ ಹತ್ತಿದವರಿಗೆ ಮುಂದಿನ ಆಸೆ, ಇಡೀ ಧಾರೆಯನ್ನೇ ಒಂದು ಮ್ಯಾಕ್ರೊದಲ್ಲಿ ಹಾಕಿಬಿಡುವುದು. ಇಲ್ಲಿ ಎಚ್ಚರ ಬೇಕು. ಮುಹೂರ್ತ ಪಂಚಾಂಗದಲ್ಲಿ ನಿಮಿಷದ ಲೆಕ್ಕದಲ್ಲಿದ್ದರೂ ಮಂಟಪದಲ್ಲಿ ಅದು ಸೋದರಮಾವ ಬಂದಾಗ, ವರನ ತಂಗಿ ಕಳಶ ಹಿಡಿದು ನಿಂತಾಗ, ಫೋಟೊದವರು ‘ಒಂದ್ನಿಮಿಷ ಸ್ವಾಮಿ’ ಎಂದದ್ದು ಮುಗಿದಾಗ ನಡೆಯುತ್ತದೆ. ಎಂಟು ಸೆಕೆಂಡು ಪಾಸ್ ಕೊಟ್ಟು ತಾಳಿಯಿಂದ ಹೆತ್ತವರ ಮುಖಕ್ಕೆ ಹೋಗುವಂತೆ ಬರೆದರೆ, ಗಂಟು ಬೀಳುವ ಹೊತ್ತಿಗೆ ಪರದೆಯಲ್ಲಿ ತಾಳಿಯೇ ಇರುವುದಿಲ್ಲ. ಏನು ತೋರಿಸಬೇಕು ಎಂಬುದನ್ನು ಮ್ಯಾಕ್ರೊಗೆ ಒಪ್ಪಿಸಬಹುದು. ಯಾವಾಗ ಎಂಬುದು ಪುರೋಹಿತರ ಕೈ ನೋಡುತ್ತ ಕೂತವನ ಬಳಿಯೇ ಇರಬೇಕು.

ಹೆತ್ತವರ ಚೌಕವನ್ನು ಗಟ್ಟಿಮೇಳದ ಮ್ಯಾಕ್ರೊದಿಂದ ಹೊರಗಿಟ್ಟಿದ್ದೂ ಇದಕ್ಕಾಗಿಯೇ. 3ನೇ ಕ್ಯಾಮೆರಾ ಹಿಡಿದ ಹುಡುಗ ಆ ಕ್ಷಣದಲ್ಲಿ ಜನರ ನೂಕಾಟದಲ್ಲಿ ಸಿಕ್ಕಿ ನೆಲ ತೋರಿಸುತ್ತಿರಬಹುದು. ಅದಕ್ಕೆ ಬೇರೆ ಖಾನೆ ಮಾಡಿ. ಚೌಕದ ಅಳತೆ, ಜಾಗ, ಅಂಚು, ಮೂಲ ಎಲ್ಲವೂ ಅದರಲ್ಲಿರಲಿ. ಚಿತ್ರ ಸರಿಯಿದೆಯೆಂದು ಕಂಡರೆ ಮಾತ್ರ ಒತ್ತಿ. ಏಟೆಮ್‌ನ ಮ್ಯಾಕ್ರೊಗಳಿಗೆ ‘ಯೂಸರ್ ವೇಟ್’ ಎಂಬ ಆಜ್ಞೆಯೂ ಗೊತ್ತು: ಅಲ್ಲಿಗೆ ಬಂದು ನಿಂತು, ಆಪರೇಟರ್ ಮುಂದುವರಿ ಎನ್ನುವವರೆಗೆ ಕಾಯುತ್ತದೆ. ಆದರೂ ಒಂದು ಉದ್ದನೆಯ ಮ್ಯಾಕ್ರೊಗಿಂತ ಎರಡು ಗಿಡ್ಡ ಮ್ಯಾಕ್ರೊ ಲೇಸು. ಎಲ್ಲಿ ನಿಂತಿದೆ ಎಂದು ನೆನಪಿಟ್ಟುಕೊಳ್ಳುವ ಹೊರೆ ಇರುವುದಿಲ್ಲ.

ಗಡಿಯಾರಕ್ಕೆ ಬಗ್ಗುವ ಕೆಲಸಗಳೂ ಇವೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗೋಲಿಬಾರ್ ನಡೆಯಿತು. ಅಂಥ ಜಾಗದ ಧ್ವಜಾರೋಹಣವನ್ನು ನೇರ ತೋರಿಸುವುದಾದರೆ ಹಗ್ಗ ಎಳೆಯುವ ಹೊತ್ತು ಕೈಯಿಂದಲೇ ಸ್ವಿಚ್ ಮಾಡುವುದು ಮೇಲು. ಗಂಟು ಬಿಚ್ಚದೆ ಬಾವುಟ ಮೇಲೆ ಸಿಕ್ಕಿಕೊಳ್ಳುವುದು ಎಲ್ಲರೂ ಕಂಡದ್ದೇ. ಆದರೆ ಬಾವುಟ ಬಿಚ್ಚಿಕೊಂಡು ಧ್ವನಿಮುದ್ರಿತ ರಾಷ್ಟ್ರಗೀತೆ ಶುರುವಾದರೆ ಮುಂದಿನದು ಸುಮಾರು 52 ಸೆಕೆಂಡಿನ ಗೊತ್ತಿರುವ ದಾರಿ. ಬಾವುಟ, ಸಾಲಾಗಿ ನಿಂತ ಮಕ್ಕಳು, ಸ್ಮಾರಕ, ಮತ್ತೆ ಬಾವುಟ ಎಂದು ಪಾಸ್ ಸಮೇತ ಬರೆದಿಡಬಹುದು. ಆಪರೇಟರ್‌ಗೂ ಎದ್ದು ನಿಲ್ಲಲು ಅವಕಾಶವಾಗುತ್ತದೆ.

ಆಟದ ಮೈದಾನದಲ್ಲಿ ಎಲ್ಲರೂ ನೋಡಿದ ಮ್ಯಾಕ್ರೊ ಒಂದಿದೆ. 2024ರ ಜನವರಿ 18ರಂದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ನಾಯಕತ್ವದ ತಂಡಗಳು ಟಿ20 ಪಂದ್ಯ ಆಡಿದವು. ಇಂಥ ಪಂದ್ಯಗಳ ಪ್ರಸಾರದಲ್ಲಿ ಮರುಚಿತ್ರ ಬರುವ ಮುನ್ನ ಲೋಗೊ ಪರದೆಯನ್ನು ಹಾಯ್ದು ಹೋಗುತ್ತದೆ, ಮುಗಿದಾಗ ಮತ್ತೆ ಹಾಯುತ್ತದೆ. ಲೋಗೊ ಓಡಿಸು, ನಡುವೆ ಮೂಲ ಬದಲಿಸು, ಸ್ಕೋರ್ ಪಟ್ಟಿ ತೆಗೆ, ಮರುಚಿತ್ರ ಶುರು ಮಾಡು ಎಂಬ ಸರಣಿ ಅದು. ಹಳ್ಳಿಯ ಕಬಡ್ಡಿ ಪಂದ್ಯಾವಳಿಗೂ ಇದರ ಚಿಕ್ಕ ರೂಪ ಸಾಕು. ಹೈಪರ್‌ಡೆಕ್ ರೆಕಾರ್ಡರ್ ಅನ್ನು ಸ್ವಿಚರ್‌ಗೆ ನೆಟ್‌ವರ್ಕ್‌ನಲ್ಲಿ ಜೋಡಿಸಿದ್ದರೆ ಅದರ ಪ್ಲೇ ಆಜ್ಞೆಯೂ ಮ್ಯಾಕ್ರೊದೊಳಗೆ ಸೇರುತ್ತದೆ.

ಎಲ್ಲಕ್ಕಿಂತ ಮೊದಲು ಬರೆಯಬೇಕಾದ ಮ್ಯಾಕ್ರೊ ಯಾವುದು ಎಂದರೆ, ಬಳಸದೆ ಇರಲಿ ಎಂದು ಹಾರೈಸುವಂಥದ್ದು. 2023ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಡಿಯೊ ಕಾನ್ಫರೆನ್ಸ್‌ಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ಹಾಕಿದರು. ಕೋರ್ಟ್ ಆ ಸೌಲಭ್ಯವನ್ನೂ ನೇರಪ್ರಸಾರವನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ಅಮೆರಿಕದ ಚಿಕ್ಕಪ್ಪನನ್ನು ಜೂಮ್‌ನಲ್ಲಿ ಕರೆದು ಎಲ್‌ಇಡಿ ವಾಲ್ ಮೇಲೆ ತೋರಿಸುವ ಮದುವೆ ಮನೆಗೂ ಇದೇ ಅಪಾಯ ಇದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಖಾಸಗಿ ಮೆಸೇಜ್ ಮಿಂಚುವ ಅಪಾಯವಂತೂ ದಿನನಿತ್ಯದ್ದು. ‘ರಕ್ಷಣೆ’ ಎಂದು ಒಂದು ಖಾನೆ ಮಾಡಿ. ಎಲ್ಲ ಕೀಗಳೂ ಇಳಿಯಲಿ, ಪ್ರೋಗ್ರಾಮ್‌ಗೆ ನೇರ ‘ಕಟ್’ನಿಂದ 1ನೇ ಕ್ಯಾಮೆರಾ ಬರಲಿ, 4ನೇ ಇನ್‌ಪುಟ್‌ನ ಧ್ವನಿ ಬಂದ್ ಆಗಲಿ. ಇಲ್ಲಿ ಪಾಸ್, ಮಿಕ್ಸ್ ಯಾವುದೂ ಬೇಡ. ಬ್ಲ್ಯಾಕ್‌ಗೆ ಹೋಗುವುದಕ್ಕಿಂತ ಮಂಟಪದ ಪೂರ್ತಿ ಚಿತ್ರಕ್ಕೆ ಹೋಗುವುದು ಒಳ್ಳೆಯದು. ನೋಡುವವರಿಗೆ ಏನೋ ಆಯಿತೆಂಬುದೇ ತಿಳಿಯುವುದಿಲ್ಲ.

ಧ್ವನಿಯ ಬಗ್ಗೆ ಒಂದು ಮಾತು. ಮಿನಿಯ ಮೈಕ್ ಇನ್‌ಪುಟ್‌ಗಳ ಮಟ್ಟವನ್ನೂ ಮ್ಯಾಕ್ರೊದಲ್ಲಿ ಬರೆಯಬಹುದು. ಆದರೆ ಫೇಡರ್ ನಿಧಾನವಾಗಿ ಸರಿಯುವುದಿಲ್ಲ, ಒಂದೇ ಏಟಿಗೆ ಹೊಸ ಜಾಗಕ್ಕೆ ಹಾರುತ್ತದೆ. ಡೋಲು, ನಾದಸ್ವರದ ಅಬ್ಬರವನ್ನು ಹಾಗೆ ಏರಿಸಿದರೆ ಇಯರ್‌ಫೋನ್ ಹಾಕಿದವರು ಬೆಚ್ಚುತ್ತಾರೆ. ಎರಡು-ಮೂರು ಮೆಟ್ಟಿಲಾಗಿ, ನಡುವೆ ಕೆಲವು ಫ್ರೇಮ್ ಬಿಟ್ಟು ಏರಿಸಬಹುದು. ಮೈಕ್‌ನವರ ಮಿಕ್ಸರ್‌ನಿಂದಲೇ ಹದವಾದ ಒಂದು ಔಟ್‌ಪುಟ್ ತೆಗೆದುಕೊಂಡು ಧ್ವನಿಯನ್ನು ಅವರಿಗೇ ಬಿಡುವುದು ಇನ್ನೂ ಸುಲಭ.

ಬೇರೆ ಯಂತ್ರ ಇಟ್ಟುಕೊಂಡವರಿಗೂ ತತ್ವ ಇದೇ. ರೋಲ್ಯಾಂಡ್‌ನ ವಿ-160ಎಚ್‌ಡಿಯಲ್ಲಿ ಮ್ಯಾಕ್ರೊ ಜೊತೆಗೆ, ಮುಂದಿನದು ಮುಂದಿನದು ಎಂದು ಒತ್ತುತ್ತ ಹೋಗುವ ಸೀಕ್ವೆನ್ಸರ್ ಕೂಡ ಇದೆ. ಶಾಲಾ ವಾರ್ಷಿಕೋತ್ಸವದಂಥ ಪಟ್ಟಿ ಹಿಡಿದು ನಡೆಯುವ ಕಾರ್ಯಕ್ರಮಕ್ಕೆ ಅದು ಹೇಳಿಮಾಡಿಸಿದ್ದು. ವಿಂಡೋಸ್‌ನ ವಿಮಿಕ್ಸ್‌ನಲ್ಲಿ ಪ್ರತಿ ಇನ್‌ಪುಟ್‌ಗೂ ‘ಟ್ರಿಗರ್’ ಹಾಕಬಹುದು: ಈ ಕ್ಯಾಮೆರಾ ಪರದೆಗೆ ಬಂದ ತಕ್ಷಣ ಆ ಪಟ್ಟಿ ಇಳಿಯಲಿ ಎಂಬಂತೆ. ಹಣ ಕೊಡದೆ ಸಿಗುವ ಒಬಿಎಸ್‌ಗೆ ‘ಅಡ್ವಾನ್ಸ್ಡ್ ಸೀನ್ ಸ್ವಿಚರ್’ ಎಂಬ ಪ್ಲಗಿನ್ ಸೇರಿಸಿದರೆ, ಇಂಥದ್ದಾದರೆ ಇಂಥದ್ದು ಮಾಡು ಎಂಬ ಷರತ್ತಿನ ಮ್ಯಾಕ್ರೊಗಳನ್ನೇ ಬರೆಯಬಹುದು.

ಲ್ಯಾಪ್‌ಟಾಪ್‌ನ ಮೌಸ್ ಹಿಡಿದು 100 ಖಾನೆಗಳಲ್ಲಿ ಒಂದನ್ನು ಹುಡುಕುವುದು ಗಟ್ಟಿಮೇಳದ ಹೊತ್ತಿಗೆ ಆಗುವ ಮಾತಲ್ಲ. ಬಿಟ್‌ಫೋಕಸ್ ಕಂಪ್ಯಾನಿಯನ್ ಎಂಬ ಉಚಿತ ತಂತ್ರಾಂಶವನ್ನು ಅದೇ ಲ್ಯಾಪ್‌ಟಾಪ್‌ಗೆ ಹಾಕಿದರೆ ಪ್ರತಿ ಮ್ಯಾಕ್ರೊವನ್ನೂ ಬೇಕಾದ ಬಣ್ಣ, ಹೆಸರಿನ ಬಟನ್ ಮಾಡಬಹುದು. ಎಲ್ಗಾಟೊದ ಸ್ಟ್ರೀಮ್ ಡೆಕ್ ಇದ್ದರೆ ಬಟನ್‌ಗಳು ಕೈಗೆ ಸಿಗುತ್ತವೆ. ಇಲ್ಲದಿದ್ದರೆ ಅದೇ ವೈಫೈನಲ್ಲಿರುವ ಹಳೆಯ ಫೋನಿನ ಬ್ರೌಸರ್‌ನಲ್ಲೇ ಅವು ಮೂಡುತ್ತವೆ. ‘ರಕ್ಷಣೆ’ ಕೆಂಪಗಿರಲಿ, ಮೂಲೆಯಲ್ಲಿರಲಿ, ಸುತ್ತಲಿನ ಬಟನ್‌ಗಳು ಖಾಲಿ ಇರಲಿ. ‘ಗಟ್ಟಿಮೇಳ’ದ ಪಕ್ಕದಲ್ಲಿ ಪರದೆ ಕಪ್ಪಾಗಿಸುವ ‘ಮುಕ್ತಾಯ’ ಇಡಬೇಡಿ. ಬೆರಳು ಒಂದಿಂಚು ತಪ್ಪಿದರೆ ಮದುವೆಯೇ ಮುಗಿದುಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಉಳಿಸಿಕೊಳ್ಳುವ ಕೆಲಸ. ಸಾಫ್ಟ್‌ವೇರ್‌ನ ಫೈಲ್ ಮೆನುವಿನಲ್ಲಿ ‘ಸೇವ್ ಆ್ಯಸ್’ ಕೊಟ್ಟರೆ ಮ್ಯಾಕ್ರೊ, ಮೀಡಿಯಾ ಪೂಲ್, ಉಳಿದ ಸೆಟ್ಟಿಂಗ್ ಎಲ್ಲವೂ ಒಂದು ಎಕ್ಸ್‌ಎಂಎಲ್ ಫೈಲ್ ಮತ್ತು ಅದರ ಜೊತೆಯ ಫೋಲ್ಡರ್‌ಗೆ ಬರುತ್ತವೆ. ಕುತೂಹಲ ಇರುವವರು ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ಒತ್ತಿದ ಒಂದೊಂದೂ ಒಂದೊಂದು ಸಾಲಾಗಿ ಕಾಣುತ್ತದೆ. ‘ಮ್ಯಾಕ್ರೊಸ್ಲೀಪ್’ ಎಂಬ ಸಾಲಿನ ಪಕ್ಕದ ಸಂಖ್ಯೆಯೇ ಪಾಸ್‌ನ ಫ್ರೇಮ್ ಲೆಕ್ಕ. 25 ಇದ್ದದ್ದನ್ನು 30 ಮಾಡಲು ಮ್ಯಾಕ್ರೊವನ್ನು ಮೊದಲಿಂದ ರೆಕಾರ್ಡ್ ಮಾಡಬೇಕಿಲ್ಲ, ಅಲ್ಲೇ ತಿದ್ದಿ ಮತ್ತೆ ಲೋಡ್ ಮಾಡಿದರೆ ಸಾಕು. ತಿದ್ದುವ ಮುನ್ನ ಮೂಲ ಫೈಲಿನ ಪ್ರತಿ ಇಟ್ಟುಕೊಳ್ಳಿ.

ಸ್ವಿಚರ್ ಬಾಡಿಗೆಗೆ ತರುವವರಿಗೆ ಈ ಫೈಲೇ ಆಸ್ತಿ. ಬಾಡಿಗೆ ಪೆಟ್ಟಿಗೆಯಲ್ಲಿ ಹಿಂದಿನವರ ಮ್ಯಾಕ್ರೊಗಳು ಕೂತಿರಬಹುದು, ಹಿಂದಿನವರ ಲೋಗೊ ಕೂಡ. ತಂದ ತಕ್ಷಣ ನಿಮ್ಮ ಫೈಲನ್ನು ‘ರಿಸ್ಟೋರ್’ ಮಾಡಿ. ಮ್ಯಾಕ್ರೊ ಮಾತ್ರ ಬೇಕೋ ಎಲ್ಲ ಬೇಕೋ ಎಂದು ಅಲ್ಲಿ ಗುರುತು ಹಾಕಬಹುದು. ಆಮೇಲೆ ‘ಸೇವ್ ಸ್ಟಾರ್ಟಪ್ ಸ್ಟೇಟ್’ ಒತ್ತಿ. ಛತ್ರದಲ್ಲಿ ಕರೆಂಟ್ ಹೋಗಿ ಜನರೇಟರ್ ಎತ್ತಿಕೊಳ್ಳುವ ನಡುವೆ ಸ್ವಿಚರ್ ಆರಿ ಹೊತ್ತಿದರೆ ಅದು ಎದ್ದೇಳುವುದು ಆ ಸ್ಥಿತಿಯಲ್ಲಿ. ಸ್ವಿಚರ್‌ಗೂ ರೂಟರ್‌ಗೂ ಒಂದು ಸಣ್ಣ ಯುಪಿಎಸ್ ಇದ್ದರೆ ಆ ಪ್ರಶ್ನೆಯೇ ಬರುವುದಿಲ್ಲ.

ಪರೀಕ್ಷೆಗೆ ಹಿಂದಿನ ಸಂಜೆಯ ಆರತಕ್ಷತೆಯೇ ತಕ್ಕ ಸಮಯ. ನೆಂಟರು ಊಟಕ್ಕೆ ಎದ್ದಾಗ ಎಲ್‌ಇಡಿ ವಾಲ್‌ನ ಕೇಬಲ್ ತೆಗೆಸಿ, ಬೆಳಿಗ್ಗೆಯ ಪ್ರತಿ ಬಟನ್ ಅನ್ನೂ ಒಮ್ಮೆ ಓಡಿಸಿ ನೋಡಬಹುದು. ಕ್ಯಾಮೆರಾದವರು ಬೆಳಿಗ್ಗೆ ಕೇಬಲ್ ಬದಲಿಸಿ 2ನೆಯದನ್ನು 3ಕ್ಕೆ ಚುಚ್ಚಿದರೆ ಎಲ್ಲ ಮ್ಯಾಕ್ರೊಗಳೂ ತಪ್ಪು ಮುಖ ತೋರಿಸುತ್ತವೆ. ಆದ್ದರಿಂದ ನಾಲ್ಕೂ ಎಚ್‌ಡಿಎಂಐ ಕೇಬಲ್‌ಗಳ ಎರಡೂ ತುದಿಗೆ ಬಣ್ಣದ ಟೇಪ್ ಸುತ್ತಿ, ಅದೇ ಬಣ್ಣದ ಚುಕ್ಕೆಯನ್ನು ಸ್ವಿಚರ್‌ನ ಹಿಂಭಾಗದಲ್ಲೂ ಅಂಟಿಸಿ. ಕಂಪ್ಯಾನಿಯನ್ ಬಟನ್‌ಗಳನ್ನು ತೋರಿಸುವ ಫೋನ್ ವೈಫೈ ಕಳೆದುಕೊಂಡರೆ ಎಂದು, ಲ್ಯಾಪ್‌ಟಾಪ್‌ನಲ್ಲಿ ಮ್ಯಾಕ್ರೊ ಕಿಟಕಿಯ ರನ್ ಪುಟ ತೆರೆದೇ ಇರಲಿ. ಲ್ಯಾಪ್‌ಟಾಪ್‌ನಿಂದ ಸ್ವಿಚರ್‌ಗೆ ವೈಫೈ ಬದಲು ತಂತಿಯೇ ಇರಲಿ.